ಕೊಟ್ಟಿಗೆಯ ಜಾವಾ: ಜೀರ್ಣೋದ್ಧಾರವೋ, ಬರಿಯ ಹೊಸ ಬಣ್ಣವೋ?



ಎರಡು ಸಂಚಿಕೆಗಳ ಹಿಂದೆ ಈ ಅಂಕಣದಲ್ಲಿ, ನಮ್ಮ ಮನೆಗಳ ಅಟ್ಟಗಳ ಮೇಲೆ ಉಳಿದಿರುವ ತಾಳೆಯೋಲೆಯ ಕಟ್ಟುಗಳನ್ನು ಕಾಪಾಡುವ ಕ್ರಮವನ್ನು ಕುರಿತು ಬರೆದಿದ್ದೆ. ಅದನ್ನು ಓದಿದ ಕೃಷ್ಣರಾಜಪೇಟೆ ತಾಲ್ಲೂಕಿನ ಗೃಹಸ್ಥರೊಬ್ಬರು ಒಂದು ಪತ್ರ ಬರೆದಿದ್ದಾರೆ. ಅವರ ಅಟ್ಟದಲ್ಲಿ ಓಲೆಯ ಕಟ್ಟುಗಳಿಲ್ಲ. ಆದರೆ ಕೊಟ್ಟಿಗೆಯಲ್ಲಿ ದಿವಂಗತ ತಂದೆಯವರ ಜಾವಾ ಮೋಟಾರ್ ಸೈಕಲ್ಲು ಇಪ್ಪತ್ತೆರಡು ವರ್ಷಗಳಿಂದ ನಿಂತಿದೆ. ಅದನ್ನು ಮನೆಯಲ್ಲಿಯೇ ಬಿಚ್ಚಿ ಸರಿಪಡಿಸಬೇಕೆಂಬುದು ಪತ್ರ ಬರೆದವರ ಆಸೆ. ಬೆಂಗಳೂರಿನಲ್ಲಿರುವ ತಮ್ಮನು, ಮಾರಿಬಿಡೋಣ, ಇಲ್ಲವಾದರೆ ಎಲ್ಲಕ್ಕೂ ಕ್ರೋಮ್ ಹಾಕಿಸಿ ಹೊಚ್ಚ ಹೊಸದಾಗಿ ಮಾಡಿಸೋಣ ಎನ್ನುತ್ತಾನೆ. ತಾಯಿಯವರು ಎರಡಕ್ಕೂ ಒಪ್ಪುತ್ತಿಲ್ಲ. "ತಾವು ಹಳೆಯದನ್ನು ಉಳಿಸುವ ವಿಚಾರ ಬಲ್ಲವರು. ಇದಕ್ಕೇನು ಹೇಳುತ್ತೀರಿ?" ಎಂಬುದು ಅವರ ಪ್ರಶ್ನೆ.

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸುಗಳನ್ನು ಓದಿ ಬೆಳೆದವನಿಗೆ ಪಿಸ್ಟನ್ನಿನ ಪ್ರಶ್ನೆಯೇ ಎಂದು ಸಂಪಾದಕರು ನಕ್ಕರು. ನನಗೆ ಮಾತ್ರ ಅದು ನಗುವ ವಿಷಯವೆನಿಸಲಿಲ್ಲ. ಅಣ್ಣತಮ್ಮಂದಿರ ನಡುವಿನ ಈ ತಕರಾರಿನಲ್ಲಿರುವುದು ಗ್ರಂಥಸಂಪಾದಕನು ದಿನವೂ ಎದುರಿಸುವ ಪ್ರಶ್ನೆಯೇ ಆಗಿದೆ: ಯಾವುದು ಮೂಲಪಾಠ, ಯಾವುದು ಪ್ರಕ್ಷಿಪ್ತ, ಯಾವುದು ಕಾಲದ ಸವೆತ, ಇವುಗಳಲ್ಲಿ ಯಾವುದನ್ನು ತಿದ್ದಬೇಕು, ಯಾವುದನ್ನು ಮುಟ್ಟಬಾರದು? ಆದ್ದರಿಂದ ಶ್ರೀರಂಗಪಟ್ಟಣದಲ್ಲಿ ನಾಲ್ಕು ದಶಕಗಳಿಂದ ಇದೇ ವಾಹನಗಳನ್ನು ಬಿಚ್ಚಿ ಕೂಡಿಸುತ್ತ ಬಂದಿರುವ ಹಿರಿಯ ಮೆಕ್ಯಾನಿಕ್ಕರೊಬ್ಬರ ಬಳಿ ಎರಡು ಮಧ್ಯಾಹ್ನಗಳನ್ನು ಕಳೆದು, ಪತ್ರ ಬರೆದವರ ಮನೆಗೂ ಹೋಗಿ ಬಂದು, ಅನಂತರ ಇದನ್ನು ಬರೆಯುತ್ತಿದ್ದೇನೆ.

ಮೊದಲು ಈ ವಾಹನದ ಕುಲಗೋತ್ರವನ್ನು ತಿಳಿಯುವುದು ಉಚಿತ. 1929ರಲ್ಲಿ ಪ್ರಾಗ್ ನಗರದ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿಯು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರ್ ಸೈಕಲ್ ತಯಾರಿಕೆಯ ಹಕ್ಕನ್ನು ಪಡೆದು, ತನ್ನ ಹೆಸರಿನ ಮೊದಲ ಅಕ್ಷರಗಳಿಗೆ ಆ ಸಂಸ್ಥೆಯ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ 'ಜಾವಾ' ಎಂದು ಕರೆದನು. ಇಂಡೋನೇಷ್ಯದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ನಮ್ಮಲ್ಲಿ ರುಸ್ತುಂ ಇರಾನಿ ಮತ್ತು ಫರೂಕ್ ಇರಾನಿ ಅವರು 1960ರಲ್ಲಿ ಐಡಿಯಲ್ ಜಾವಾ ಎಂಬ ಕಂಪನಿಯನ್ನು ಸ್ಥಾಪಿಸಿದರು. ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆ ತಲೆಯೆತ್ತಿ, 1961ರಿಂದ ಮೋಟಾರ್ ಸೈಕಲ್ಲುಗಳು ಹೊರಬರತೊಡಗಿದವು. 250 ಸಿ.ಸಿ.ಯ ಜಾವಾ ಪ್ರಸಿದ್ಧವಾಯಿತು. 50 ಸಿ.ಸಿ.ಯ ಪುಟ್ಟ ಜಾವಾ ಜೆಟ್ ಕೂಡ ಅಲ್ಲಿಯೇ ತಯಾರಾಯಿತು. 1970ರ ದಶಕದ ಮೊದಲ ವರ್ಷಗಳಲ್ಲಿ ಹೆಸರು ಯೆಜ್ಡಿ ಎಂದು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಜಾವಾ ಎಂಬ ಹೆಸರು 2018ರಲ್ಲಿಯೂ ಯೆಜ್ಡಿ ಎಂಬ ಹೆಸರು 2022ರಲ್ಲಿಯೂ ಬೇರೊಂದು ಕಂಪನಿಯ ಮೂಲಕ ಮತ್ತೆ ರಸ್ತೆಗೆ ಬಂದಿವೆಯಾದರೂ, ಅವು ಹೊಸ ಕಾಲದ ನಾಲ್ಕು ಸ್ಟ್ರೋಕಿನ ಯಂತ್ರಗಳು.

ಯಾದವಗಿರಿಯಿಂದ ಶ್ರೀರಂಗಪಟ್ಟಣಕ್ಕೆ ಹದಿನೈದು ಕಿಲೋಮೀಟರಿನಷ್ಟು ದಾರಿ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದು ಕಬ್ಬು, ಬತ್ತಗಳು ಕೈಗೆ ಬಂದ ಸೀಮೆಯಿದು. ಆದ್ದರಿಂದಲೇ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳ ಎಷ್ಟೋ ಮನೆಗಳಲ್ಲಿ ಎತ್ತಿನ ಗಾಡಿಯ ಪಕ್ಕದಲ್ಲಿ ನಿಂತ ಮೊದಲ ಯಂತ್ರವಾಹನವು ಮೈಸೂರಿನಲ್ಲಿಯೇ ತಯಾರಾದ ಜಾವಾ ಆಗಿತ್ತು. ನಮ್ಮ ಬಾಲ್ಯದಲ್ಲಿ ಅದರ ಧ್ವನಿ ಕೇಳಿದರೆ ಯಾರ ಮನೆಗೆ ಯಾರು ಬಂದರೆಂದು ಊರೇ ಹೇಳುತ್ತಿತ್ತು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಜೀರ್ಣೋದ್ಧಾರವೆಂದರೆ ಹೊಸದಾಗಿಸುವುದೆಂದು ಬಹುಮಂದಿಯ ಎಣಿಕೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತನ್ನು ನೋಡಿದವರು ಒಮ್ಮೆ ನೆನೆಯಲಿ. 1780ರ ಪೊಳ್ಳಿಲೂರು ಯುದ್ಧದ ಚಿತ್ರಗಳು ಅಲ್ಲಿನ ಗೋಡೆಯ ಮೇಲಿವೆ. ಆದರೆ ನಾವು ಕಾಣುವುದು ಟಿಪ್ಪುವಿನ ಕಾಲದ ಕುಂಚವನ್ನೇ ಅಲ್ಲ. ಸುಣ್ಣ ಬಳಿದು ಮರೆಯಾಗಿದ್ದ ಚಿತ್ರಗಳನ್ನು 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯ ಮೇರೆಗೆ ಮತ್ತೆ ಬರೆಸಲಾಯಿತು. ಆ ಆಸ್ಥೆಯಿಂದ ಚಿತ್ರಗಳು ಉಳಿದವು, ನಿಜ. ಆದರೆ ಯಾವ ಗೆರೆ ಮೊದಲಿನದು, ಯಾವುದು ಎರಡನೆಯ ಕೈಯದು ಎಂದು ಬಿಡಿಸುವುದು ಇಂದಿಗೂ ವಿದ್ವಾಂಸರಿಗೆ ತೊಡಕಾಗಿಯೇ ಇದೆ. ಒಮ್ಮೆ ಮೇಲೆ ಬಳಿದ ಬಣ್ಣವು ಕೆಳಗಿನ ಸಾಕ್ಷ್ಯವನ್ನು ನುಂಗುತ್ತದೆ. ಗೋಡೆಗೆ ಸಲ್ಲುವ ಮಾತು ಪೆಟ್ರೋಲ್ ಟ್ಯಾಂಕಿಗೂ ಸಲ್ಲುತ್ತದೆ.

ಹಾಗೆಂದು ತುಕ್ಕನ್ನು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಓಲೆಯ ಹುಳುವನ್ನು ಯಾವ ಸಂಪಾದಕನೂ ಕಾಪಾಡುವುದಿಲ್ಲ. ಹುಳುವನ್ನು ತೆಗೆಯಬೇಕು, ಅಕ್ಷರವನ್ನು ಉಳಿಸಬೇಕು. ಸವೆದ ರಿಂಗು, ಒಣಗಿ ಬಿರಿದ ಸೀಲು, ಇಲಿ ಕಡಿದ ವೈರು, ಇವು ಹುಳುವಿನ ಸಾಲಿಗೆ ಸೇರಿದವು. ಇವನ್ನು ಸಂಕೋಚವಿಲ್ಲದೆ ಬದಲಿಸಬೇಕು. ಕಾರ್ಖಾನೆಯ ಮರೂನ್ ಬಣ್ಣ, ಟ್ಯಾಂಕಿನ ಪಕ್ಕದ ಕ್ರೋಮ್, ಮೊಳಕಾಲಿಗೆ ಒತ್ತಾಸೆಯಾದ ರಬ್ಬರು, ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ, ಇವು ಅಕ್ಷರಗಳು. ಬೇರೆ ಬೇರೆ ವರ್ಷಗಳ ಬಿಡಿಭಾಗಗಳನ್ನು ಬೆರೆಸುವುದೂ ದೋಷವೇ. ಹಳೆಯ ಜಾವಾಗಳಲ್ಲಿ ಕೀಲಿ ಹಾಕುವ ಜಾಗವು ಟ್ಯಾಂಕಿನ ಮೇಲಿತ್ತು, ಅನಂತರದವುಗಳಲ್ಲಿ ಅದು ಬದಿಯ ಪೆಟ್ಟಿಗೆಗೆ ಬಂತು. ಗುಜರಿಯಲ್ಲಿ ದೊರೆತುದನ್ನೆಲ್ಲ ಜೋಡಿಸಿದರೆ, ಎರಡು ಪ್ರತಿಗಳ ಪಾಠವನ್ನು ಕಲಸಿ ಮೂರನೆಯದೊಂದನ್ನು ಹುಟ್ಟಿಸಿದಂತಾಗುತ್ತದೆ. ಅಂಥ ಪ್ರತಿ ಯಾವ ಕಾಲದಲ್ಲಿಯೂ ಇರಲಿಲ್ಲ.

ಪತ್ರ ಬರೆದವರ ಮನೆಯಲ್ಲಿ ಈ ಮಾತಿಗೆ ಒಂದು ಒರೆಗಲ್ಲು ಸಿಕ್ಕಿತು. ಅವರ ತಂದೆಯವರು 1972ರಲ್ಲಿ ಬೆಲ್ಲ ಮಾರಿದ ಹಣದಿಂದ ಕೊಂಡ ವಾಹನವಿದು. ಹಿಂಬದಿಗೆ ಹಾಲಿನ ಕ್ಯಾನು ಕಟ್ಟಲೆಂದು ಊರಿನ ಕಮ್ಮಾರನಿಂದ ಒಂದು ಒರಟು ಕಬ್ಬಿಣದ ಕ್ಯಾರಿಯರನ್ನು ಮಾಡಿಸಿ, ಬೋಲ್ಟು ಹಾಕಿ ಕೂರಿಸಿದ್ದಾರೆ. ನಾನು ಹೋದ ದಿನ ಬೆಂಗಳೂರಿನ ತಮ್ಮನೂ ಬಂದಿದ್ದನು. "ಮೇಷ್ಟ್ರೇ, ಮೂಲ ಉಳಿಯಬೇಕು ಅಂತೀರಿ. ಕಂಪನಿ ಕೊಟ್ಟದ್ದಲ್ಲ ಇದು, ಮೊದಲು ಇದನ್ನೇ ತೆಗೆದು ಬಿಸಾಕಬೇಕಲ್ಲವೇ?" ಎಂದು ಅವನು ಕೇಳಿದನು. ಪ್ರಶ್ನೆ ಸಮಂಜಸವಾದುದೇ. ಅಣ್ಣನ ಮುಖ ಕೆಂಪಾಯಿತು. ಆ ಕ್ಯಾನಿನ ಹಾಲಿನಿಂದಲೇ ತಮ್ಮನ ಕಾಲೇಜಿನ ಶುಲ್ಕ ಹೋದದ್ದೆಂದು ಅವನ ಬಾಯಿಗೆ ಬಂದ ಮಾತು ಅರ್ಧದಲ್ಲಿ ನಿಂತಿತು. ಜಗಲಿಯ ಮೇಲಿದ್ದ ತಾಯಿಯವರು ಮಾತ್ರ, "ಹೊಳೆಯೋದು ಏನೂ ಬ್ಯಾಡ ಕಣಪ್ಪ. ಸದ್ದು ಮಾತ್ರ ಅದೇ ಇರ್ಲಿ" ಎಂದರು.

ನನ್ನ ಅಭಿಪ್ರಾಯವನ್ನು ಹೀಗೆ ತಿಳಿಸಿದೆ. ಓಲೆಯ ಅಂಚಿನಲ್ಲಿ ಅದನ್ನು ಓದಿದ ಹಿರಿಯರೊಬ್ಬರು ತಮ್ಮ ಕೈಯಿಂದ ಟಿಪ್ಪಣಿ ಬರೆದಿದ್ದರೆ ಅದು ಮೂಲಪಾಠವಲ್ಲ, ಪ್ರಕ್ಷಿಪ್ತವೂ ಅಲ್ಲ. ಅದು ಆ ಪ್ರತಿಯ ಚರಿತ್ರೆ. ಅದನ್ನು ಪಾಠದೊಳಗೆ ಸೇರಿಸಬಾರದು, ಕತ್ತರಿಸಿ ಎಸೆಯಲೂಬಾರದು. ಚೌಕಟ್ಟಿಗೆ ಬೆಸೆದಿಲ್ಲವಾದ್ದರಿಂದ ಈ ಕ್ಯಾರಿಯರನ್ನು ಬಿಚ್ಚಬಹುದು, ಬೇಕೆಂದಾಗ ತೊಡಿಸಬಹುದು. ಹೀಗೆ ಹೇಳಿ ಅದರ ಬೋಲ್ಟುಗಳನ್ನು ಸಡಿಲಿಸಿ ನೋಡಿದಾಗ, ಹಿಡಿಪಟ್ಟಿಯ ಕೆಳಗೆ ಬೆರಳಗಲದಷ್ಟು ಜಾಗದಲ್ಲಿ ಕಾರ್ಖಾನೆಯ ಮರೂನ್ ಬಣ್ಣವು ಮಾಸದೆ ಉಳಿದಿತ್ತು! ಉಳಿದ ಭಾಗವೆಲ್ಲ ಯಾವಾಗಲೋ ಬಳಿದ ಕಪ್ಪು ಬಣ್ಣವಾಗಿತ್ತು. ತಮ್ಮನು ತೆಗೆದು ಬಿಸಾಡಬೇಕೆಂದಿದ್ದ ವಸ್ತುವೇ ಅವನು ಹುಡುಕುತ್ತಿದ್ದ ಬಣ್ಣವನ್ನು ಐವತ್ತು ವರ್ಷ ಮುಚ್ಚಿ ಕಾಪಾಡಿತ್ತು. ಆ ಗುರುತನ್ನು ಮುಟ್ಟದೆ ಹಾಗೆಯೇ ಬಿಟ್ಟು, ಅದಕ್ಕೆ ಹೊಂದುವ ಬಣ್ಣವನ್ನು ಉಳಿದ ಭಾಗಗಳಿಗೆ ಹಾಕಿಸುವುದೆಂದು ಒಪ್ಪಂದವಾಯಿತು. ಮಾರುವ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಮುಂದೆ ಎತ್ತುವುದಿಲ್ಲವೆಂದು ನಾನು ಹೇಳಲಾರೆ.

ಇನ್ನು ಕೆಲಸದ ಕ್ರಮ. ಬಹುಕಾಲ ನಿಂತ ವಾಹನವನ್ನು ಕಂಡೊಡನೆ ಕಿಕ್ಕು ಹೊಡೆಯುವ ಚಪಲ ಎಲ್ಲರಿಗೂ ಇರುತ್ತದೆ. ಅದನ್ನು ತಡೆಯಬೇಕು. ಜಾವಾದಲ್ಲಿ ಗೇರಿನ ಸನ್ನೆಯೇ ಕಿಕ್ಕಿನ ಸನ್ನೆಯೂ ಹೌದು; ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕು, ಮರಳಿ ಬಂದರೆ ಗೇರು. ಪಿಸ್ಟನ್ನು ತುಕ್ಕು ಹಿಡಿದು ಕಚ್ಚಿಕೊಂಡಿರುವಾಗ ಬಲಪ್ರಯೋಗ ಮಾಡಿದರೆ ಒಳಗಿನ ಹಲ್ಲುಗಳು ಮುರಿಯುತ್ತವೆ. ಮೊದಲು ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಸುರಿದು, ನಾಲ್ಕಾರು ದಿನ ಬಿಡಬೇಕು. ಬಳಿಕ ಮೇಲಿನ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದಕ್ಕೂ ಮುಂದಕ್ಕೂ ಅಲುಗಿಸಬೇಕು. ತೊಟ್ಟಿಲು ತೂಗುವಷ್ಟು ಬಲ ಸಾಕು ಎಂಬುದು ಆ ಮೆಕ್ಯಾನಿಕ್ಕರ ಮಾತು.

ಪಿಸ್ಟನ್ನು ಸಡಿಲವಾದ ಮಾತ್ರಕ್ಕೆ ಎಂಜಿನ್ನನ್ನು ಚಾಲೂ ಮಾಡಬಾರದು. ಇದು ಎರಡು ಸ್ಟ್ರೋಕಿನ ಯಂತ್ರ. ಇದಕ್ಕೆ ವಾಲ್ವುಗಳಿಲ್ಲ. ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣವು ಮೊದಲು ಕ್ರ್ಯಾಂಕ್ ಕೇಸಿಗೆ ಬಂದು, ಅಲ್ಲಿಂದ ಮೇಲೇರಿ ಉರಿಯುತ್ತದೆ. ಆ ಮಿಶ್ರಣದಲ್ಲಿರುವ ಎಣ್ಣೆಯೇ ಕೆಳಗಿನ ಬೇರಿಂಗುಗಳಿಗೆ ಸಿಗುವ ಏಕೈಕ ಜಿಡ್ಡು. ವರ್ಷಗಟ್ಟಲೆ ನಿಂತಾಗ ಆ ಬೇರಿಂಗುಗಳಿಗೆ ತೇವ ತಗುಲಿ ತುಕ್ಕು ಹಿಡಿಯುತ್ತದೆ, ಸೀಲುಗಳು ಗಟ್ಟಿಯಾಗುತ್ತವೆ. ಹಾಗೆಯೇ ಓಡಿಸಿದರೆ ಸೀಲಿನ ಸಂದಿನಿಂದ ಗಾಳಿ ನುಗ್ಗಿ, ಎಣ್ಣೆ ಸಾಲದೆ, ಪಿಸ್ಟನ್ನು ಕಾದು ಮತ್ತೆ ಕಚ್ಚುತ್ತದೆ. ಆದ್ದರಿಂದ ಪೂರ್ತಿ ಬಿಚ್ಚುವುದೇ ಸರಿ.

ಬಿಚ್ಚುವಾಗ ಒಂದೊಂದು ಭಾಗವನ್ನೂ ಮೊದಲು ಫೋಟೋ ತೆಗೆದು, ಪುಟ್ಟ ಡಬ್ಬಿಗಳಲ್ಲಿ ಹಾಕಿ, ಚೀಟಿ ಅಂಟಿಸಬೇಕು. ಮನೆಯ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಜಾವಾದ ನಟ್ಟುಬೋಲ್ಟುಗಳೆಲ್ಲ ಮಿಲಿಮೀಟರ್ ಅಳತೆಯವು. ಹಳೆಯ ಬುಲೆಟ್ಟಿಗೆಂದು ಮಾಡಿದ ಇಂಗ್ಲಿಷ್ ಅಳತೆಯ ಸ್ಪ್ಯಾನರುಗಳನ್ನು ತೊಡಿಸಿದರೆ ಮೂಲೆಗಳು ಸವೆದು ಹೋಗುತ್ತವೆ. ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್, ಪಿಸ್ಟನ್ನಿನ ಓಟ 75 ಮಿಲಿಮೀಟರ್. ಸವೆತ ಹೆಚ್ಚಾಗಿದ್ದರೆ ಬೋರ್ ಮಾಡಿಸಿ ಅದಕ್ಕೆ ತಕ್ಕ ದೊಡ್ಡ ಪಿಸ್ಟನ್ನು ಹಾಕಬೇಕು. ಇದು ಲೇತ್ ಅಂಗಡಿಯವರ ಕೆಲಸ, ಕ್ರ್ಯಾಂಕ್ ಬಿಗಿಯುವುದೂ ಅವರದೇ. ಕ್ರೋಮ್ ಲೇಪನವಂತೂ ವಿಷಕಾರಿ ದ್ರಾವಣಗಳ ವ್ಯವಹಾರವಾದುದರಿಂದ ಮನೆಯಲ್ಲಿ ಎಂದಿಗೂ ಸಲ್ಲದು. ಕಾರ್ಬುರೇಟರು, ವೈರು, ಕೇಬಲ್ಲು, ಬ್ರೇಕು, ಚೈನು, ಇವಿಷ್ಟನ್ನು ತಾಳ್ಮೆಯಿರುವ ಯಾರಾದರೂ ಜಗಲಿಯ ಮೇಲೆ ಕುಳಿತು ಮಾಡಬಹುದು. ಚೈನಿನ ವಿಷಯದಲ್ಲಿ ಜಾವಾ ಮಾಡಿದವರ ಬುದ್ಧಿಯನ್ನು ಮೆಚ್ಚಲೇಬೇಕು. ಅದನ್ನು ಪೂರ್ತಿಯಾಗಿ ಕವಚದೊಳಗೆ ಮುಚ್ಚಿರುವುದರಿಂದ ನಮ್ಮ ಗದ್ದೆಯ ಕೆಸರು ಅಷ್ಟಾಗಿ ಅದಕ್ಕೆ ತಗುಲಿಲ್ಲ.

ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳನ್ನು ಬಾಯಿಂದಲಾಗಲಿ ಪಂಪಿನಿಂದಲಾಗಲಿ ಊದದೆ ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಬೇಕು. ಹಳೆಯ ಬಣ್ಣದಲ್ಲಿ ಸೀಸವಿರುವ ಸಂಭವವಿರುವುದರಿಂದ ಅದನ್ನು ನೀರು ಹಾಕಿಯೇ ಉಜ್ಜಬೇಕು, ಮಕ್ಕಳನ್ನು ದೂರವಿಡಬೇಕು. ಪೆಟ್ರೋಲಿನಲ್ಲಿ ಭಾಗಗಳನ್ನು ತೊಳೆಯುವ ಅಭ್ಯಾಸವನ್ನು ಅಡುಗೆಮನೆಯ ಹತ್ತಿರ ಸುಳಿಯಗೊಡಬಾರದು. ಸೀಮೆಎಣ್ಣೆಯಾದರೂ ಬಯಲಿನಲ್ಲಿಯೇ ಬಳಸಲಿ.

ಟ್ಯಾಂಕಿನ ಒಳಗಿನ ತುಕ್ಕಿಗೆ ಹೊರದೇಶಗಳಲ್ಲಿ ಕಾಕಂಬಿಯನ್ನು ನೀರಿನಲ್ಲಿ ಕರಗಿಸಿ ವಾರಗಟ್ಟಲೆ ನೆನೆಸುವ ರೂಢಿಯಿದೆ. ಅದು ಕಬ್ಬಿಣವನ್ನು ತಿನ್ನದೆ ತುಕ್ಕನ್ನು ಮಾತ್ರ ಬಿಡಿಸುತ್ತದೆ. ಸಕ್ಕರೆ ಕಾರ್ಖಾನೆಗಳ ನಾಡಿನಲ್ಲಿದ್ದೂ ನಮಗೆ ಇದು ಸುಲಭವಲ್ಲ. ಕಾಕಂಬಿಯ ಸಾಗಣೆ ಅಬಕಾರಿ ನಿಯಮಗಳಿಗೆ ಒಳಪಟ್ಟಿದೆ. ಬಿಳಿ ವಿನಿಗರಾಗಲಿ, ನಿಂಬೆ ಉಪ್ಪೆಂದು ಅಂಗಡಿಯಲ್ಲಿ ದೊರೆಯುವ ಸಿಟ್ರಿಕ್ ಆಮ್ಲದ ನೀರಾಗಲಿ ಸಾಕು. ಒಂದೆರಡು ದಿನ ನೆನೆಸಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ತೊಳೆದು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಕೂಡಲೇ ಒಳಗೆಲ್ಲ ಎಣ್ಣೆ ಆಡಿಸಬೇಕು. ತಡವಾದರೆ ಸಂಜೆಯೊಳಗೆ ಹೊಸ ತುಕ್ಕು ಏಳುತ್ತದೆ.

ಕಾರ್ಬುರೇಟರಿನಲ್ಲಿ ಹಿತ್ತಾಳೆಯ ಟೊಳ್ಳು ತೇಲುಬುರುಡೆಯೊಂದಿದೆ. ಅದಕ್ಕೆ ಸೂಜಿಮೊನೆಯಷ್ಟು ತೂತಾದರೂ ಪೆಟ್ರೋಲ್ ತುಂಬಿ ಮುಳುಗಿ, ಇಂಧನ ಹೊರಚೆಲ್ಲುತ್ತದೆ. ಬಯಲಿನಲ್ಲಿ ಬಿಸಿನೀರಿಗೆ ಹಾಕಿದರೆ ಗುಳ್ಳೆ ಏಳುವ ಕಡೆಯಲ್ಲಿ ತೂತಿದೆಯೆಂದು ತಿಳಿಯುತ್ತದೆ. ಒಳಗಿನ ಪೆಟ್ರೋಲ್ ಪೂರ್ತಿ ಆವಿಯಾಗಿ ಹೋಗುವವರೆಗೆ ಅದರ ಬಳಿ ಬೆಂಕಿ ಸುಳಿಯಕೂಡದು. ಬೆಸುಗೆ ಆಮೇಲಿನ ಮಾತು. ಬೆಸುಗೆಯೂ ಎಳ್ಳಿನಷ್ಟೇ ಇರಬೇಕು. ಬುರುಡೆ ಭಾರವಾದರೆ ಅದು ತೇಲುವ ಮಟ್ಟವೇ ಬದಲಾಗುತ್ತದೆ. ಪತ್ರ ಬರೆದವರು ಇದಕ್ಕಾಗಿ ಬೆಂಗಳೂರಿಗೆ ಹೋಗುವ ಯೋಚನೆಯಲ್ಲಿದ್ದರು. ಕಂಚು ಹಿತ್ತಾಳೆಗಳ ಕೆಲಸಕ್ಕೆ ಹಿಂದಿನಿಂದ ಹೆಸರಾದ ನಾಗಮಂಗಲ ಪಕ್ಕದಲ್ಲಿಯೇ ಇರುವಾಗ ಅಷ್ಟು ದೂರವೇಕೆ ಎಂದೆ.

ಕಾಗದಪತ್ರಗಳ ಮಾತು ಬೇಸರದ್ದಾದರೂ ಬಿಡುವಂತಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ತಂದೆಯ ಹೆಸರಿನ ಆರ್.ಸಿ. ಪುಸ್ತಕವು ಹಾಗೆಯೇ ಪೆಟ್ಟಿಗೆಯಲ್ಲಿ ಮಲಗಿರುತ್ತದೆ. ಒಡೆಯರು ತೀರಿಕೊಂಡರೆ 30 ದಿನಗಳೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ 31ನೆಯ ನಮೂನೆಯಲ್ಲಿ ಅರ್ಜಿ ಕೊಟ್ಟು ಉತ್ತರಾಧಿಕಾರಿಯ ಹೆಸರಿಗೆ ಮಾಡಿಸಿಕೊಳ್ಳಬೇಕೆಂಬುದು ನಿಯಮ. ತಡವಾಗಿದ್ದರೆ ದಂಡ ಕಟ್ಟಬೇಕಾದೀತು. ಉಳಿದ ವಾರಸುದಾರರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು ಅಣ್ಣತಮ್ಮಂದಿರಿಗೆ ಕ್ಷೇಮ. ಹದಿನೈದು ವರ್ಷ ಕಳೆದ ವಾಹನವನ್ನು ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ನಮ್ಮ ಜಿಲ್ಲೆಯಲ್ಲಿ ಮಂಡ್ಯದ ಕೆಎ 11 ಕಚೇರಿಯಲ್ಲದೆ ನಾಗಮಂಗಲದಲ್ಲಿ ಕೆಎ 54 ಕಚೇರಿಯೂ ಇದೆ.

ಇದಲ್ಲದೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು ಪುರಾತನ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ಮೀರಿದ್ದು, ಚೌಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ವಾಹನಕ್ಕೆ 'ವಿಎ' ಅಕ್ಷರಗಳುಳ್ಳ ಸಂಖ್ಯೆ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕವನ್ನು ಆ ನಿಯಮ ಗೊತ್ತುಪಡಿಸಿತು. ನೋಂದಣಿಯ ಅವಧಿ 10 ವರ್ಷ. ಆದರೆ ಅಂಥ ವಾಹನವನ್ನು ಪ್ರದರ್ಶನಕ್ಕೋ ಪುರಾತನ ವಾಹನಗಳ ಮೆರವಣಿಗೆಗೋ ಇಂಧನ, ದುರಸ್ತಿಗಳಿಗೋ ಒಯ್ಯಬಹುದೇ ಹೊರತು ದಿನನಿತ್ಯ ಓಡಿಸುವಂತಿಲ್ಲ. ಸಂತೆಗೂ ಜಾತ್ರೆಗೂ ಹೋಗಬೇಕೆನ್ನುವವರು ಸಾಮಾನ್ಯ ನವೀಕರಣವನ್ನೇ ಮಾಡಿಸಲಿ. ಯಾವ ದಾರಿ ಹಿಡಿದರೂ ಚಾಸಿ ಮತ್ತು ಎಂಜಿನ್ನಿನ ಸಂಖ್ಯೆಗಳನ್ನು ಬಣ್ಣಕ್ಕೆ ಮುನ್ನ ಉಜ್ಜಿ ಅಳಿಸದಂತೆ ನೋಡಿಕೊಳ್ಳಬೇಕು. ಸಂಖ್ಯೆ ಅಳಿದ ವಾಹನಕ್ಕೆ ಕಾನೂನಿನ ಮುಂದೆ ಹೆಸರೇ ಇಲ್ಲ.

ಕಡೆಯದಾಗಿ ಇಂಧನ. ಎಂಜಿನ್ನು ಸಿದ್ಧವಾದ ಮೇಲೆ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಟೂ ಸ್ಟ್ರೋಕ್ ಆಯಿಲ್ ಬೆರೆಸುವುದು ಹಳೆಯ ರೂಢಿ. ಬೋರ್ ಮಾಡಿಸಿದ ಹೊಸದರಲ್ಲಿ ತುಸು ಹೆಚ್ಚಿಗೆ ಹಾಕಿ, ನಿಧಾನವಾಗಿ ಓಡಿಸಬೇಕು. ಈಗಿನ ಪೆಟ್ರೋಲಿನ ಸ್ವಭಾವ ಮಾತ್ರ ಬೇರೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲನ್ನು 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ಅದೀಗ ಬಂಕುಗಳಲ್ಲಿ ಸಾಮಾನ್ಯವಾಗಿದೆ. ಎಥನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಮೆದುವಾಗಿಸುತ್ತದೆ, ಟ್ಯಾಂಕಿನಲ್ಲಿ ನಿಂತರೆ ತುಕ್ಕಿಗೆ ದಾರಿಮಾಡುತ್ತದೆ. ಒಂದು ಕಾಲಕ್ಕೆ ಕಬ್ಬಿನ ಹಣದಿಂದ ಮನೆಗೆ ಬಂದ ಗಾಡಿಯ ಕೊಳವೆಯನ್ನು ಇಂದು ಕಬ್ಬಿನಿಂದಲೇ ಬಂದ ಎಥನಾಲ್ ಕರಗಿಸುತ್ತಿದೆಯೆಂದು ಆ ಮೆಕ್ಯಾನಿಕ್ಕರು ನಕ್ಕರು. ಪೆಟ್ರೋಲಿನ ಕೊಳವೆ ಮತ್ತು ವಾಷರುಗಳನ್ನು ಎಥನಾಲ್ ತಾಳುವ ಹೊಸ ಬಗೆಯವುಗಳಿಂದ ಬದಲಿಸಿ; ಇಲ್ಲಿ ಹಳೆಯದನ್ನು ಉಳಿಸುವ ಹಟ ಬೇಡ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕಿನ ಕೊಳಾಯಿಯನ್ನು ಮುಚ್ಚಿ, ಎಂಜಿನ್ನು ತಾನಾಗಿ ನಿಲ್ಲುವವರೆಗೆ ಓಡಿಸಿ, ಕಾರ್ಬುರೇಟರಿನಲ್ಲಿ ಉಳಿದುದನ್ನು ಉರಿಸಿಬಿಡಿ.

ತಾಳೆಯೋಲೆಗಳ ಬಗೆಗೆ ಬಂದಿರುವ ಉಳಿದ ಪತ್ರಗಳಿಗೆ ಮುಂದಿನ ತಿಂಗಳು ಉತ್ತರಿಸುತ್ತೇನೆ.